ಕಣ್ಣಿಗೆ ಸಿಗದ ನೀಹಾರಿಕೆ ಕ್ಯಾಮೆರಾಕ್ಕೆ ಸಿಕ್ಕಿದ್ದು ಹೇಗೆ?

2004ರ ಜನವರಿ 23ರ ರಾತ್ರಿ. ಅಮೆರಿಕದ ಕೆಂಟಕಿ ರಾಜ್ಯದ ಹವ್ಯಾಸಿ ಖಗೋಳ ವೀಕ್ಷಕ ಜೇ ಮೆಕ್‌ನೀಲ್ ತನ್ನ ಮನೆಯ ಹಿತ್ತಲಿನಲ್ಲಿ ಪುಟ್ಟ ದೂರದರ್ಶಕವೊಂದನ್ನು ನಿಲ್ಲಿಸಿ, ಅದಕ್ಕೆ ಎಲೆಕ್ಟ್ರಾನಿಕ್ ಕ್ಯಾಮೆರಾ ಜೋಡಿಸಿ, ಮಹಾವ್ಯಾಧ ನಕ್ಷತ್ರಪುಂಜದ ಕಡೆಗೆ ತಿರುಗಿಸಿದ್ದ. ಆ ದೂರದರ್ಶಕದ ಮಸೂರ ಕೇವಲ ಮೂರು ಇಂಚು ಅಗಲದ್ದು. ಎಂ78 ಎಂಬ ಹೆಸರಿನ, ಖಗೋಳಾಸಕ್ತರೆಲ್ಲರಿಗೂ ಪರಿಚಿತವಾದ ನೀಹಾರಿಕೆಯ ಚಿತ್ರ ತೆಗೆಯುವುದು ಅವನ ಉದ್ದೇಶವಾಗಿತ್ತು. ಆಮೇಲೆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹದಗೊಳಿಸುತ್ತಿದ್ದಾಗ ಎಂ78ರ ಪಕ್ಕದಲ್ಲೇ ಬೀಸಣಿಗೆಯಂತೆ ಹರಡಿದ ಮಸುಕಾದ ಕಲೆಯೊಂದು ಕಂಡಿತು. ನಕ್ಷತ್ರ ನಕ್ಷೆಗಳಲ್ಲಿ ಅದು ಇರಲಿಲ್ಲ.

ಜಗತ್ತಿನ ದೊಡ್ಡ ವೀಕ್ಷಣಾಲಯಗಳು ಕೂಡಲೇ ಅತ್ತ ತಿರುಗಿದವು. ಮೆಕ್‌ನೀಲ್ ಕಂಡದ್ದು ನಿಜವಾಗಿತ್ತು. ಧೂಳಿನ ನಡುವೆ ಅಡಗಿದ್ದ ಎಳೆಯ ನಕ್ಷತ್ರವೊಂದು ಕೆಲವು ತಿಂಗಳ ಹಿಂದೆ ಹಠಾತ್ತನೆ ಪ್ರಜ್ವಲಿಸಿ, ತನ್ನ ಸುತ್ತಲಿನ ಮೋಡವನ್ನು ಬೆಳಗಿತ್ತು. ಇಂದು ಅದಕ್ಕೆ ಮೆಕ್‌ನೀಲ್ ನೀಹಾರಿಕೆ ಎಂದೇ ಹೆಸರು.

ಇಪ್ಪತ್ತು ಮೂವತ್ತು ಅಡಿ ಅಗಲದ ಕನ್ನಡಿಗಳುಳ್ಳ ದೈತ್ಯ ದೂರದರ್ಶಕಗಳ ಕಾಲದಲ್ಲಿ ಮೂರು ಇಂಚಿನ ಮಸೂರಕ್ಕೆ ಹೊಸದೊಂದು ಹೇಗೆ ಸಿಕ್ಕಿತು ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ತಿಳಿಯಬೇಕಾದರೆ ನೀಹಾರಿಕೆಗಳು ಯಾಕೆ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಮೃಗಶಿರ ಮಳೆಯ ನಕ್ಷತ್ರಗಳು

ಮಹಾವ್ಯಾಧ ನಮ್ಮ ರೈತರಿಗೆ ಹೊಸದೇನಲ್ಲ. ಮೃಗಶಿರ ಮಳೆ, ಆರಿದ್ರಾ ಮಳೆ ಎಂದು ಕರೆಯುವಾಗ ಹೇಳುವ ಹೆಸರುಗಳು ಈ ಪುಂಜದ ನಕ್ಷತ್ರಗಳವೇ. ಜೂನ್ ತಿಂಗಳಲ್ಲಿ ಸೂರ್ಯ ಆ ನಕ್ಷತ್ರಗಳ ಬಳಿ ಇರುವುದರಿಂದ ಮಳೆಗೆ ಆ ಹೆಸರು. ಅದೇ ಕಾರಣಕ್ಕೆ ಆಗ ಅವು ರಾತ್ರಿ ಕಾಣುವುದಿಲ್ಲ. ಆರು ತಿಂಗಳು ಕಳೆದು ಡಿಸೆಂಬರ್ ಬಂದಾಗ ಸಂಜೆಗತ್ತಲಿನಲ್ಲೇ ಪೂರ್ವದಲ್ಲಿ ಏಳುತ್ತವೆ. ಸಾಲಾಗಿ ನಿಂತ ಮೂರು ನಕ್ಷತ್ರಗಳೇ ವ್ಯಾಧನ ನಡುಪಟ್ಟಿ. ಅದರ ಕೆಳಗೆ ಜೋತುಬಿದ್ದ ಕತ್ತಿಯಂತೆ ಇನ್ನೂ ಮೂರು ಮಂಕು ಚುಕ್ಕಿಗಳು. ಅವುಗಳಲ್ಲಿ ನಡುವಿನದನ್ನು ದಿಟ್ಟಿಸಿದರೆ ಅದು ಚುಕ್ಕಿಯಲ್ಲ, ಉಸಿರು ತಾಗಿದ ಗಾಜಿನಂತೆ ಮಬ್ಬುಮಬ್ಬಾಗಿದೆ ಎಂಬುದು ಗೊತ್ತಾಗುತ್ತದೆ. ಅದೇ ಮಹಾವ್ಯಾಧ ನೀಹಾರಿಕೆ. ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿದೆ. ಅದರೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಅನಿಲ ಮತ್ತು ಧೂಳಿನ ಇಂಥ ಮೋಡಗಳು ಆಕಾಶದ ತುಂಬ ಇವೆ. ಕೆಲವು ಒಳಗಿನ ಬಿಸಿ ನಕ್ಷತ್ರಗಳಿಂದ ಪ್ರಚೋದನೆ ಪಡೆದು ತಾವೇ ಬೆಳಗುತ್ತವೆ. ಕೆಲವು ಪಕ್ಕದ ನಕ್ಷತ್ರದ ಬೆಳಕನ್ನು ಪ್ರತಿಫಲಿಸುತ್ತವೆ. ಮತ್ತೆ ಕೆಲವು ಕಪ್ಪು ಮೋಡಗಳು. ಹಿಂದಿನ ಬೆಳಕನ್ನು ಮರೆಮಾಡಿದಾಗ ಮಾತ್ರ ಅವುಗಳ ಆಕಾರ ತಿಳಿಯುತ್ತದೆ. ಬರಿಗಣ್ಣಿಗೆ ಕಾಣುವ ನೀಹಾರಿಕೆಗಳು ಮಾತ್ರ ಬೆರಳೆಣಿಕೆಯಷ್ಟು.

ಹಾಗಾದರೆ ದೊಡ್ಡದು ಮಾಡಿ ನೋಡಿದರೆ ಆಯಿತಲ್ಲ ಎನ್ನಬಹುದು. ಆದರೆ ನೀಹಾರಿಕೆಗಳು ಚಿಕ್ಕದಾಗಿರುವುದರಿಂದ ಕಾಣದೆ ಹೋಗುವುದಲ್ಲ. ಅನೇಕ ನೀಹಾರಿಕೆಗಳು ಹುಣ್ಣಿಮೆ ಚಂದ್ರನಿಗಿಂತ ಅಗಲವಾಗಿವೆ. ಅವುಗಳ ಬೆಳಕು ತೀರ ತೆಳುವಾಗಿ ಹರಡಿಕೊಂಡಿರುವುದೇ ಕಷ್ಟ. ಒಂದು ಹಿಡಿ ರಂಗೋಲಿ ಪುಡಿಯನ್ನು ಒಂದೇ ಕಡೆ ಸುರಿದರೆ ಬೆಳ್ಳಗೆ ಕಾಣುತ್ತದೆ. ಅಂಗಳಕ್ಕೆಲ್ಲ ಉದುರಿಸಿದರೆ ಇದ್ದದ್ದೇ ತಿಳಿಯುವುದಿಲ್ಲ. ದೂರದರ್ಶಕದಲ್ಲಿ ಚಿತ್ರವನ್ನು ಹಿಗ್ಗಿಸಿದಷ್ಟೂ ಆ ಬೆಳಕು ಇನ್ನಷ್ಟು ಹರಡುತ್ತದೆ. ಸಾಲದ್ದಕ್ಕೆ ನಮ್ಮ ಕಣ್ಣು ಬೆಳಕನ್ನು ಕೂಡಿಡುವುದು ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು ಮಾತ್ರ. ಎಷ್ಟು ಹೊತ್ತು ದಿಟ್ಟಿಸಿದರೂ ಬೆಳಕು ಹೆಚ್ಚಾಗುವುದಿಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣವೂ ತಿಳಿಯದು.

ಕ್ಯಾಮೆರಾ ಹಾಗಲ್ಲ. ಹನಿಹನಿಯಾಗಿ ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಇಟ್ಟ ಬಿಂದಿಗೆ ಬೆಳಗಾಗುವುದರೊಳಗೆ ತುಂಬುವಂತೆ, ಅದು ಬೆಳಕನ್ನು ಗಂಟೆಗಟ್ಟಲೆ ಕೂಡಿಸಿಕೊಳ್ಳಬಲ್ಲದು.

ಕಣ್ಣನ್ನು ನಂಬುವುದೋ, ಫಲಕವನ್ನೋ?

ಈ ಮಾತು ಒಪ್ಪಿತವಾಗಲು ಸಾಕಷ್ಟು ಕಾಲ ಹಿಡಿಯಿತು. ವಿಲ್ಹೆಲ್ಮ್ ಟೆಂಪೆಲ್ ವೃತ್ತಿಯಿಂದ ಕಲ್ಲಚ್ಚಿನ ಚಿತ್ರಕಾರ. 1859ರ ಅಕ್ಟೋಬರಿನಲ್ಲಿ ವೆನಿಸ್ ನಗರದಲ್ಲಿ ತನ್ನ ನಾಲ್ಕು ಇಂಚಿನ ದೂರದರ್ಶಕದಿಂದ ಕೃತ್ತಿಕೆಯನ್ನು ನೋಡುತ್ತಿದ್ದಾಗ, ಅದರ ಮೆರೊಪಿ ಎಂಬ ನಕ್ಷತ್ರದ ಸುತ್ತ ಮಂಜಿನಂಥ ಮಸುಕನ್ನು ಕಂಡ. ಹಾಗೆಂದು ಪ್ರಕಟಿಸಿದ್ದೇ ತಡ, ವಿವಾದ ಎದ್ದಿತು. ಕೆಲವರು ತಾವೂ ಕಂಡೆವೆಂದರು. ಅವನದಕ್ಕಿಂತ ಎಷ್ಟೋ ದೊಡ್ಡ ದೂರದರ್ಶಕ ಇಟ್ಟುಕೊಂಡಿದ್ದ ಕೆಲವರು ಅಲ್ಲೇನೂ ಇಲ್ಲವೆಂದರು. ಮಸೂರದೊಳಗೆ ನಕ್ಷತ್ರದ ಬೆಳಕು ಚದುರಿ ಉಂಟಾದ ಭ್ರಮೆ ಇರಬಹುದೆಂಬ ಅನುಮಾನಕ್ಕೂ ಜಾಗವಿತ್ತು. ಕಂಡವನ ಮಾತನ್ನು ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ.

ಅಂದಿನ ಛಾಯಾಗ್ರಹಣ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆಗ ಬಳಕೆಯಲ್ಲಿದ್ದುದು ಹಸಿ ಲೇಪದ ಗಾಜಿನ ಫಲಕ. ಲೇಪ ಒಣಗುವುದರೊಳಗೆ ಚಿತ್ರ ತೆಗೆದು ಮುಗಿಸಬೇಕಾಗಿದ್ದುದರಿಂದ ದೀರ್ಘಕಾಲ ಬೆಳಕಿಗೆ ಒಡ್ಡುವಂತಿರಲಿಲ್ಲ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಕ್ಸ್ ಜೆಲಾಟಿನ್ ಲೇಪದ ಒಣ ಫಲಕದ ವಿಧಾನವನ್ನು ಪ್ರಕಟಿಸಿದ. ಮುಂದಿನ ವರ್ಷಗಳಲ್ಲಿ ಅದು ಸುಧಾರಿಸಿ, ಫಲಕವನ್ನು ಗಂಟೆಗಟ್ಟಲೆ ತೆರೆದಿಡುವುದು ಸಾಧ್ಯವಾಯಿತು.

1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರ್ 11 ಇಂಚಿನ ದೂರದರ್ಶಕದಲ್ಲಿ 51 ನಿಮಿಷ ಕಾದು ಮಹಾವ್ಯಾಧ ನೀಹಾರಿಕೆಯ ಚಿತ್ರ ತೆಗೆದ. ನೀಹಾರಿಕೆಯೊಂದರ ಮೊಟ್ಟಮೊದಲ ಛಾಯಾಚಿತ್ರ ಅದು. 1883ರ ಜನವರಿಯಲ್ಲಿ ಲಂಡನ್ ಬಳಿಯ ಈಲಿಂಗ್‌ನಲ್ಲಿ ಆಂಡ್ರ್ಯೂ ಕಾಮನ್ ಎಂಬ ನೈರ್ಮಲ್ಯ ಎಂಜಿನಿಯರ್ ತನ್ನ 36 ಇಂಚಿನ ದೂರದರ್ಶಕದಿಂದ ಅದೇ ನೀಹಾರಿಕೆಯ ಇನ್ನೂ ಉತ್ತಮ ಚಿತ್ರ ಪಡೆದ. ಆ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳಿದ್ದವು. ಫಲಕವು ಕಣ್ಣನ್ನು ಹಿಂದೆ ಹಾಕಿತ್ತು.

ಕೃತ್ತಿಕೆಯ ವಿವಾದವೂ ಬೇಗನೆ ಇತ್ಯರ್ಥವಾಯಿತು. 1885ರ ನವೆಂಬರಿನಲ್ಲಿ ಪ್ಯಾರಿಸ್ ವೀಕ್ಷಣಾಲಯದ ಪಾಲ್ ಮತ್ತು ಪ್ರಾಸ್ಪರ್ ಹೆನ್ರಿ ಸೋದರರು ಮೂರು ಗಂಟೆ ಒಡ್ಡಿದ ಫಲಕದಲ್ಲಿ ಮಾಯಾ ಎಂಬ ಇನ್ನೊಂದು ನಕ್ಷತ್ರಕ್ಕೆ ಅಂಟಿಕೊಂಡಂತೆ ನೀಹಾರಿಕೆ ಕಾಣಿಸಿತು. ಅದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ರಷ್ಯದ ಪುಲ್ಕೊವೊ ವೀಕ್ಷಣಾಲಯದ 30 ಇಂಚಿನ ದೂರದರ್ಶಕದಲ್ಲಿ ಮರುವರ್ಷ ಅದು ಕಣ್ಣಿಗೂ ಬಿತ್ತು. ಎಲ್ಲಿ ನೋಡಬೇಕೆಂದು ಫಲಕವೇ ತೋರಿಸಿಕೊಟ್ಟಿತ್ತು! 1886ರಲ್ಲಿ ಲಿವರ್‌ಪೂಲಿನ ಕಟ್ಟಡ ಗುತ್ತಿಗೆದಾರ ಐಸಾಕ್ ರಾಬರ್ಟ್ಸ್ ತೆಗೆದ ಚಿತ್ರಗಳಲ್ಲಿ ಮೆರೊಪಿಯೂ ಸೇರಿದಂತೆ ಕೃತ್ತಿಕೆಯ ಹಲವು ನಕ್ಷತ್ರಗಳು ಮಂಜಿನಲ್ಲಿ ಮುಳುಗಿದ್ದವು. ಟೆಂಪೆಲ್ ಕಂಡದ್ದು ಭ್ರಮೆಯಾಗಿರಲಿಲ್ಲ. ಆಗ ಆತ ಬದುಕಿದ್ದ.

ಫಲಕ ದಾಖಲಿಸಿದ್ದನ್ನು ಗುರುತಿಸಲು ಮತ್ತೆ ಮನುಷ್ಯರ ಕಣ್ಣೇ ಬೇಕು. ಹಾರ್ವರ್ಡ್ ವೀಕ್ಷಣಾಲಯದಲ್ಲಿ 1888ರಲ್ಲಿ ತೆಗೆದ ಫಲಕವೊಂದನ್ನು ಪರಿಶೀಲಿಸುತ್ತಿದ್ದ ವಿಲಿಯಮಿನಾ ಫ್ಲೆಮಿಂಗ್, ವ್ಯಾಧನ ನಡುಪಟ್ಟಿಯ ಬಳಿ ಬೆಳಕಿನ ಅಂಚನ್ನು ಕಚ್ಚಿದಂತಿದ್ದ ಕಪ್ಪು ಕಲೆಯನ್ನು ಗುರುತಿಸಿದಳು. ಇಂದು ಲೋಕಪ್ರಸಿದ್ಧವಾಗಿರುವ ‘ಕುದುರೆ ತಲೆ’ ನೀಹಾರಿಕೆ ಅದೇ. ಫ್ಲೆಮಿಂಗ್ ಆ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಮನೆಯಲ್ಲಿ ಕೆಲಸಕ್ಕಿದ್ದವಳು; ಬಳಿಕ ಖಗೋಳ ವಿಜ್ಞಾನಿಯಾಗಿ ಹೆಸರು ಮಾಡಿದಳು. ಆದರೂ ಅಂದಿನ ಪಟ್ಟಿಯಲ್ಲಿ ಈ ಶೋಧದ ಮುಂದೆ ಅಚ್ಚಾದದ್ದು ಪಿಕರಿಂಗ್ ಹೆಸರು ಮಾತ್ರ.

ಚಿಕ್ಕ ಮಸೂರದ ಮಹಿಮೆ

ಇಷ್ಟಾದರೂ ದೊಡ್ಡ ದೂರದರ್ಶಕವೇ ಬೇಕೆಂಬ ನಂಬಿಕೆ ಉಳಿದಿತ್ತು. ಅದನ್ನು ಅಲುಗಾಡಿಸಿದವನು ಎಡ್ವರ್ಡ್ ಬರ್ನಾರ್ಡ್. ಬಡತನದಿಂದಾಗಿ ಒಂಬತ್ತನೇ ವಯಸ್ಸಿಗೇ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದ ಆತ ಮುಂದೆ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯ ಸೇರಿದ. ಅಲ್ಲಿ ಆಗ ಜಗತ್ತಿನಲ್ಲೇ ದೊಡ್ಡದಾದ 36 ಇಂಚು ಮಸೂರದ ದೂರದರ್ಶಕವಿತ್ತು. ಆದರೆ ಬರ್ನಾರ್ಡ್ ಆಕಾಶಗಂಗೆಯ ಚಿತ್ರಗಳಿಗೆ ಬಳಸಿದ್ದು ಸ್ಟುಡಿಯೋಗಳಲ್ಲಿ ಜನರ ಭಾವಚಿತ್ರ ತೆಗೆಯಲು ಮಾಡಿದ್ದ ಆರು ಇಂಚಿನ ಹಳೆಯ ಮಸೂರವನ್ನು. 1894ರಲ್ಲಿ ಆತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಗ್ಗದ ಚಿತ್ರದೀಪದಿಂದ ತೆಗೆದ ಒಂದೂವರೆ ಇಂಚಿನ ಮಸೂರದಲ್ಲಿ ವ್ಯಾಧನನ್ನು ಸುತ್ತುವರಿದ ಬೃಹತ್ ಬೆಳಕಿನ ಕಮಾನನ್ನು ಹಿಡಿದ. ಇಂದಿಗೂ ಅದು ‘ಬರ್ನಾರ್ಡನ ಕುಣಿಕೆ’ ಎಂದೇ ಪ್ರಸಿದ್ಧ.

ಇದರ ಗುಟ್ಟು ಸರಳ. ಹರಡಿಕೊಂಡ ವಸ್ತುವಿನ ಚಿತ್ರ ಎಷ್ಟು ಬೇಗ ಮೂಡುತ್ತದೆ ಎಂಬುದು ಮಸೂರದ ಅಗಲವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅಗಲಕ್ಕೂ ನಾಭಿದೂರಕ್ಕೂ ಇರುವ ಅನುಪಾತ ಮುಖ್ಯ. ನಾಭಿದೂರ ಕಡಿಮೆಯಿದ್ದರೆ ಚಿತ್ರ ಚಿಕ್ಕದಾಗಿ, ಬೆಳಕು ಕಡಿಮೆ ಜಾಗದಲ್ಲಿ ಒಟ್ಟಾಗುತ್ತದೆ. ಜೊತೆಗೆ ಚಿಕ್ಕ ಮಸೂರ ಆಕಾಶದ ಅಗಲವಾದ ಭಾಗವನ್ನು ಒಮ್ಮೆಗೇ ನೋಡುತ್ತದೆ. ದೈತ್ಯ ದೂರದರ್ಶಕ ಕೀಲಿರಂಧ್ರದಿಂದ ನೋಡಿದಂತೆ. ಸೂಕ್ಷ್ಮ ವಿವರ ತೋರಿಸುತ್ತದೆ ನಿಜ, ಆದರೆ ಇಡೀ ಕೋಣೆ ಕಾಣುವುದಿಲ್ಲ.

ತಿರುಗುವ ಭೂಮಿಯ ಮೇಲೆ ನಿಂತು

ಚಿತ್ರ ತೆಗೆಯುವವನಿಗೆ ಮೊದಲ ಅಡ್ಡಿ ಭೂಮಿಯೇ. ಅದು ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ, ಅಂದರೆ ಎರಡೇ ನಿಮಿಷಗಳಲ್ಲಿ ಚಂದ್ರನ ಅಗಲದಷ್ಟು. ಕ್ಯಾಮೆರಾ ಸುಮ್ಮನೆ ನಿಂತಿದ್ದರೆ ಚುಕ್ಕಿಗಳು ಗೆರೆಗಳಾಗುತ್ತವೆ. ಆದ್ದರಿಂದ ದೂರದರ್ಶಕವನ್ನು ಹೊತ್ತ ಪೀಠದ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ, ಸರಿಸುಮಾರು ಧ್ರುವ ನಕ್ಷತ್ರದ ಕಡೆಗೆ ಗುರಿಯಿಟ್ಟು ನಿಲ್ಲಿಸಬೇಕು. ಬೆಂಗಳೂರಿನಲ್ಲಿ ಆ ಅಕ್ಷ ನೆಲಮಟ್ಟದಿಂದ ಸುಮಾರು 13 ಡಿಗ್ರಿ ಎತ್ತರಕ್ಕೆ, ಬೀದರಿನಲ್ಲಿ 18 ಡಿಗ್ರಿ ಎತ್ತರಕ್ಕೆ ಇರಬೇಕಾಗುತ್ತದೆ. ಬಳಿಕ ಮೋಟಾರು ಅದನ್ನು ಭೂಮಿಯ ವೇಗದಲ್ಲೇ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ತಿದ್ದಲು ಬರ್ನಾರ್ಡ್‌ನಂಥವರು ಜೋಡಿ ದೂರದರ್ಶಕದಲ್ಲಿ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ಚಳಿಯಲ್ಲಿ ಕೂರುತ್ತಿದ್ದರು. ಇಂದು ಆ ಕೆಲಸವನ್ನು ಇನ್ನೊಂದು ಪುಟ್ಟ ಕ್ಯಾಮೆರಾ ಮಾಡುತ್ತದೆ.

ಎರಡನೇ ಅಡ್ಡಿ ಫಿಲ್ಮಿನದಾಗಿತ್ತು. ಅದರ ಮೇಲೆ ಬಿದ್ದ ಬೆಳಕಿನ ಕಣಗಳಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ನೂರಕ್ಕೆ ಒಂದೆರಡು ಮಾತ್ರ. ಹೊತ್ತು ಹೋದಂತೆ ಅದು ಇನ್ನಷ್ಟು ಮಂದವಾಗುತ್ತಿತ್ತು. ಅದನ್ನು ಚುರುಕುಗೊಳಿಸಲು 1980–90ರ ದಶಕಗಳ ಹವ್ಯಾಸಿಗಳು ಫಿಲ್ಮನ್ನು ಜಲಜನಕ ಬೆರೆಸಿದ ಅನಿಲದಲ್ಲಿ ಬಿಸಿ ಮಾಡಿ ಬಳಸುತ್ತಿದ್ದರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆ ಈ ಕಷ್ಟವನ್ನು ನಿವಾರಿಸಿತು. ಅದಕ್ಕಾಗಿ ಅವರಿಬ್ಬರಿಗೂ 2009ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದಿನ ಇಂಥ ಬಿಲ್ಲೆಗಳು ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನೂ ಕೆಲವೊಮ್ಮೆ ಅದಕ್ಕೂ ಹೆಚ್ಚನ್ನೂ ಹಿಡಿಯುತ್ತವೆ.

ಇಂದು ಯಾರೂ ಒಂದೇ ಚಿತ್ರವನ್ನು ಗಂಟೆಗಟ್ಟಲೆ ತೆಗೆಯುವುದಿಲ್ಲ. ಕೆಲವು ನಿಮಿಷಗಳ ಹತ್ತಾರು, ನೂರಾರು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುತ್ತಾರೆ. ನೀಹಾರಿಕೆ ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿರುತ್ತದೆ. ಅಡ್ಡಾದಿಡ್ಡಿ ಕಾಣಿಸುವ ಕಾಳುಕಾಳಾದ ಗದ್ದಲ ಮಾತ್ರ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ನಾಲ್ಕು ಚಿತ್ರ ಪೇರಿಸಿದರೆ ಗದ್ದಲ ಅರ್ಧಕ್ಕೆ ಇಳಿಯುತ್ತದೆ, ನೂರು ಪೇರಿಸಿದರೆ ಹತ್ತನೇ ಒಂದು ಭಾಗಕ್ಕೆ. ಇದರ ಜೊತೆಗೆ ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರಗಳನ್ನೂ ಒಂದೇ ಸಮನಾದ ಬೆಳಕಿನ ಪರದೆಯ ಚಿತ್ರಗಳನ್ನೂ ಇಟ್ಟುಕೊಂಡು ಕ್ಯಾಮೆರಾದ ಬಿಸಿಯಿಂದಾದ ದೋಷ, ಮಸೂರದ ಮೇಲಿನ ಧೂಳಿನ ನೆರಳು ಇವನ್ನು ಕಳೆಯುತ್ತಾರೆ.

ಬಣ್ಣ ನಿಜವೇ?

ಪತ್ರಿಕೆಗಳಲ್ಲಿ ನೀಹಾರಿಕೆಗಳ ಚಿತ್ರ ನೋಡಿದವರೆಲ್ಲ ಒಮ್ಮೆ ಕೇಳಿಕೊಳ್ಳುವ ಪ್ರಶ್ನೆ ಇದು. 1864ರ ಆಗಸ್ಟ್ 29ರಂದು ಲಂಡನ್ನಿನ ವಿಲಿಯಂ ಹಗಿನ್ಸ್ ನೀಹಾರಿಕೆಯೊಂದರ ಬೆಳಕನ್ನು ಅಶ್ರಗದಲ್ಲಿ ಹಾಯಿಸಿ ನೋಡಿದಾಗ ಕಾಮನಬಿಲ್ಲಿನ ಬದಲು ಕೆಲವೇ ಬೆಳಕಿನ ಗೆರೆಗಳು ಕಂಡವು. ಬೆಳಗುತ್ತಿರುವುದು ಅನಿಲ ಎಂಬುದು ಅಂದು ಖಚಿತವಾಯಿತು. ಅದರಲ್ಲಿನ ಹಸಿರು ಗೆರೆಗಳು ಭೂಮಿಯ ಮೇಲಿನ ಯಾವ ವಸ್ತುವಿಗೂ ಹೊಂದದೆ ಹೋದದ್ದರಿಂದ ‘ನೆಬ್ಯುಲಿಯಂ’ ಎಂಬ ಹೊಸ ಮೂಲವಸ್ತುವನ್ನೇ ಕಲ್ಪಿಸಲಾಯಿತು. 1927ರಲ್ಲಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವಷ್ಟೇ ಎಂದು ತೋರಿಸಿದ.

ಇಂದಿನ ಹವ್ಯಾಸಿಗಳು ಜಲಜನಕದ ಕೆಂಪು, ಆಮ್ಲಜನಕದ ನೀಲಿ-ಹಸಿರು, ಗಂಧಕದ ಕಡುಗೆಂಪು ಗೆರೆಗಳನ್ನಷ್ಟೇ ಒಳಗೆ ಬಿಡುವ ಶೋಧಕ ಗಾಜುಗಳನ್ನು ಬಳಸಿ ಬೇರೆ ಬೇರೆ ಚಿತ್ರ ತೆಗೆದು ಒಂದುಗೂಡಿಸುತ್ತಾರೆ. ಜಲಜನಕ ಮತ್ತು ಗಂಧಕ ಎರಡೂ ಕೆಂಪಾದ್ದರಿಂದ ಬೇರೆ ಮಾಡಿ ತೋರಿಸಲು ಒಂದಕ್ಕೆ ಹಸಿರು ಹಚ್ಚುವುದುಂಟು. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಪ್ರಸಿದ್ಧ ‘ಸೃಷ್ಟಿಯ ಸ್ತಂಭಗಳು’ ಚಿತ್ರದಲ್ಲಿ ಮಾಡಿದ್ದೂ ಇದನ್ನೇ. ಅಂಥ ಬಣ್ಣ ಕಣ್ಣಿಗೆ ಕಾಣುವ ಬಣ್ಣವಲ್ಲ. ನಕ್ಷೆಯಲ್ಲಿ ಜಿಲ್ಲೆಗಳಿಗೆ ಹಚ್ಚಿದ ಬಣ್ಣದಂತೆ, ಎಲ್ಲಿ ಯಾವ ಅನಿಲವಿದೆ ಎಂದು ಹೇಳುತ್ತದೆ. ಹೇಗೆ ಹಚ್ಚಿದೆ ಎಂಬುದನ್ನು ಚಿತ್ರದ ಜೊತೆ ತಿಳಿಸಿದ್ದರೆ ಅದರಲ್ಲಿ ಮೋಸವಿಲ್ಲ. ಆದರೆ ಇಲ್ಲದ ವಿವರವನ್ನು ತುಂಬಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿರುವ ಈ ಕಾಲದಲ್ಲಿ ಟೆಂಪೆಲ್‌ಗೆ ಎದುರಾದ ಅನುಮಾನವೇ ಇಂದಿನವರಿಗೂ ಎದುರಾಗುತ್ತದೆ: ಕಂಡದ್ದು ಆಕಾಶದಲ್ಲಿದೆಯೋ, ಯಂತ್ರದಲ್ಲಿದೆಯೋ?

2022ರಲ್ಲಿ ಫ್ರಾನ್ಸಿನ ಯಾನ್ ಸೆಂಟಿ ಸುಮಾರು ನಾಲ್ಕು ಇಂಚಿನ ದೂರದರ್ಶಕದಿಂದ ದೇವಯಾನಿ ಗೆಲಾಕ್ಸಿಯ ಚಿತ್ರಗಳನ್ನು ತೆಗೆದಾಗ ಆಮ್ಲಜನಕದ ಶೋಧಕದಲ್ಲಿ ಗೆಲಾಕ್ಸಿಯ ಪಕ್ಕ ನೀಲಿ ಕಮಾನೊಂದು ಕಾಣಿಸಿತು. ಉದ್ದ ಮೂರು ಚಂದ್ರರಷ್ಟು! ಆಕಾಶದಲ್ಲೇ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಗೆಲಾಕ್ಸಿಗಳಲ್ಲಿ ಒಂದರ ಪಕ್ಕದಲ್ಲಿ ಇದು ಇಷ್ಟು ಕಾಲ ಯಾರಿಗೂ ಕಾಣಲಿಲ್ಲವೆಂದರೆ ನಂಬುವುದು ಕಷ್ಟ. ಮಸೂರದೊಳಗಿನ ಪ್ರತಿಫಲನ ಇರಬಹುದೆಂಬ ಸಂಶಯ ಆ ಗುಂಪಿಗೇ ಇತ್ತು. ಬೇರೆ ಊರುಗಳಿಂದ ಬೇರೆ ಉಪಕರಣಗಳಲ್ಲಿ ಚಿತ್ರ ತೆಗೆಸಿ, ಎಲ್ಲದರಲ್ಲೂ ಅದೇ ಕಮಾನು ಕಂಡ ಮೇಲೆಯೇ 2023ರ ಜನವರಿಯಲ್ಲಿ ಸೆಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಹವ್ಯಾಸಿಗಳು ವೃತ್ತಿನಿರತ ವಿಜ್ಞಾನಿಗಳೊಂದಿಗೆ ಸೇರಿ ಅದನ್ನು ಪ್ರಕಟಿಸಿದರು. ಆ ಚಿತ್ರಕ್ಕೆ ಕೂಡಿಸಿದ ಬೆಳಕು ನೂರು ಗಂಟೆಗೂ ಹೆಚ್ಚಿನದು. ಕಮಾನು ದೇವಯಾನಿಯದಲ್ಲ, ನಮ್ಮ ಆಕಾಶಗಂಗೆಯೊಳಗೇ ಇರುವ ಅನಿಲ ಎಂಬ ವಾದ ಬಳಿಕ ಬಲಗೊಂಡಿದೆ. ಅದು ಇದೆ ಎಂಬುದರಲ್ಲಿ ಮಾತ್ರ ಸಂಶಯ ಉಳಿದಿಲ್ಲ.

ಕತ್ತಲೆಯೇ ಬಂಡವಾಳ

ಕ್ಯಾಮೆರಾ, ತಂತ್ರಾಂಶ, ಶೋಧಕಗಳನ್ನೆಲ್ಲ ಹಣಕೊಟ್ಟು ತರಬಹುದು. ಕತ್ತಲೆಯನ್ನು ತರಲಾಗದು. ನಗರದ ದೀಪಗಳ ಬೆಳಕು ಗಾಳಿಯಲ್ಲಿನ ಧೂಳಿಗೆ ತಾಗಿ ಚದುರಿದಾಗ ಆಕಾಶವೇ ನೀಹಾರಿಕೆಗಿಂತ ಎಷ್ಟೋ ಪಟ್ಟು ಹೆಚ್ಚು ಹೊಳೆಯುತ್ತದೆ. ಹಳೆಯ ಸೋಡಿಯಂ ದೀಪಗಳ ಹಳದಿ ಬೆಳಕು ಕೆಲವೇ ಬಣ್ಣಗಳದ್ದಾದ್ದರಿಂದ ಅದನ್ನು ಶೋಧಕದಿಂದ ತಡೆಯಬಹುದಿತ್ತು. ಈಗಿನ ಬಿಳಿ ಎಲ್‌ಇಡಿ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ತಡೆಯುವುದು ಕಷ್ಟ. ಜಲಜನಕ, ಆಮ್ಲಜನಕಗಳ ತೆಳು ಗೆರೆಗಳನ್ನು ಮಾತ್ರ ಬಿಡುವ ಗಾಜುಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ. ಆದರೆ ಕೃತ್ತಿಕೆಯ ಸುತ್ತಲಿನ ಧೂಳಿನಂತೆ ನಕ್ಷತ್ರದ ಬೆಳಕನ್ನೇ ಪ್ರತಿಫಲಿಸುವ ನೀಹಾರಿಕೆಗಳಿಗೆ ಆ ಉಪಾಯವೂ ಸಲ್ಲದು. ಅವಕ್ಕೆ ಕತ್ತಲೆಯೊಂದೇ ಮದ್ದು.

ಭಾರತದಲ್ಲಿ ಅಂಥ ಕತ್ತಲೆಯನ್ನು ಕಾಪಾಡುವ ಪ್ರಯತ್ನ ಲಡಾಖಿನ ಹಾನ್ಲೆಯಲ್ಲಿ ನಡೆದಿದೆ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಆ ಜಾಗದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ. 2022ರ ಡಿಸೆಂಬರಿನಲ್ಲಿ ಹಾನ್ಲೆ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ತಾಣವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ಮನೆ ದೀಪಗಳಿಗೆ ಮರೆ ಕಟ್ಟುತ್ತಾರೆ. ಕೆಲವರು ತರಬೇತಿ ಪಡೆದು ಬಂದವರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ.

ಎಲ್ಲರೂ ಹಾನ್ಲೆಗೆ ಹೋಗಬೇಕಾಗಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಊರ ದೀಪಗಳಿಂದ ದೂರವಿರುವ ಹೊಲದ ಬದುವಿನ ಮೇಲೆ ಮುಕ್ಕಾಲಿಯಿಟ್ಟು, ಸಾಮಾನ್ಯ ಕ್ಯಾಮೆರಾದ 50 ಮಿಲಿಮೀಟರ್ ಮಸೂರವನ್ನು ಪೂರ್ತಿ ತೆರೆದು ವ್ಯಾಧನ ಕತ್ತಿಗೆ ಗುರಿಯಿಟ್ಟು ಎಂಟು–ಹತ್ತು ಸೆಕೆಂಡು ಚಿತ್ರ ತೆಗೆದರೂ ಆ ನಡುವಿನ ಚುಕ್ಕಿ ನಸುಗೆಂಪಾಗಿ ಮೂಡುತ್ತದೆ. ಅಂಥ ಐವತ್ತು ಚಿತ್ರ ಪೇರಿಸಿದರೆ ರೆಕ್ಕೆಗಳೂ ಕಾಣತೊಡಗುತ್ತವೆ. ಡ್ರೇಪರ್ 51 ನಿಮಿಷ ಕಾದು ಪಡೆದದ್ದಕ್ಕಿಂತ ಅದು ಕಡಿಮೆಯದೇನಲ್ಲ.

ಮೆಕ್‌ನೀಲ್ ನೀಹಾರಿಕೆ 2006ರ ಹೊತ್ತಿಗೆ ಮಂಕಾಯಿತು. 2008ರಲ್ಲಿ ಮತ್ತೆ ಬೆಳಗಿ, ಮುಂದೆ ಮತ್ತೆ ಮಾಸಿತು. ಹಳೆಯ ಚಿತ್ರಗಳನ್ನು ಕೆದಕಿದಾಗ 1966ರಲ್ಲಿ ತೆಗೆದ ಛಾಯಾಚಿತ್ರದಲ್ಲೂ ಅದು ಇದ್ದುದು ಪತ್ತೆಯಾಗಿದೆ. ಅದನ್ನು ತೆಗೆದದ್ದೂ ಒಬ್ಬ ಹವ್ಯಾಸಿಯೇ. ಆ ನಕ್ಷತ್ರ ಹಿಂದೆಯೂ ಒಮ್ಮೆ ಹೀಗೆ ಪ್ರಜ್ವಲಿಸಿತ್ತು ಎಂಬುದು ಇಂದು ವಿಜ್ಞಾನಿಗಳಿಗೆ ಗೊತ್ತಿರುವುದು ಅಂದಿನ ಆ ಚಿತ್ರವನ್ನು ಯಾರೋ ಜೋಪಾನವಾಗಿ ಇಟ್ಟದ್ದರಿಂದ.